ನನ್ನ ಮಗ ಆರಿಸಿಕೊಂಡ ಟೀಚರಮ್ಮ

ನಾನು ಓದು ಬಿಟ್ಟದ್ದು ಎಪ್ಪತ್ತೊಂದನೇ ಇಸವಿಯಲ್ಲಿ. ಆರನೇ ಕ್ಲಾಸು ಇನ್ನೂ ಅರ್ಧದಲ್ಲಿತ್ತು. ನಮ್ಮ ಅಬ್ಬಾ ನನ್ನನ್ನು ಕರೆದುಕೊಂಡು ಹೋಗಿ ಶಿಡ್ಲಘಟ್ಟದ ಒಂದು ರೇಷ್ಮೆ ಬಿಚ್ಚಾಣಿಕೆ ಶೆಡ್ಡಿನಲ್ಲಿ, ಗೂಡಿನಿಂದ ನೂಲು ತೆಗೆಯುವ ಚರಕ ತಿರುಗಿಸಲು ಕೂರಿಸಿದರು. ಅದಾದ ಮೇಲೆ ಶಾಲೆಯ ಹೊಸ್ತಿಲು ದಾಟಿದ್ದು ಮಗನನ್ನು ಸೇರಿಸುವಾಗಲೇ. ಆಗ ಕಂಡವರು ಈ ಟೀಚರಮ್ಮ. ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬರುವುದು ಅವರ ಸೆರಗು. ಅದರ ಒಂದು ಮೂಲೆ ಯಾವಾಗಲೂ ದೀಪದ ಬತ್ತಿಯ ಹಾಗೆ ಹೊಸೆದುಕೊಂಡು, ಬಣ್ಣ ಹೋಗಿ, ಜೋತಾಡುತ್ತಿತ್ತು. ಇಸ್ತ್ರಿ ಮಾಡಿದ ಸೀರೆಯಾದರೂ ಮಧ್ಯಾಹ್ನದ ಹೊತ್ತಿಗೆ ಅದೇ ಗತಿ. ಹೊಸೆಯುತ್ತಿದ್ದವನು ನನ್ನ ಮಗ ರಫೀಕ್. ನನ್ನ ಅಂಗಿಯನ್ನು ಅವನು ಬೆರಳ ತುದಿಯಿಂದಲೂ ಮುಟ್ಟುತ್ತಿರಲಿಲ್ಲ.

ರಫೀಕ್‌ಗೆ ಆಗ ಆರು ವರ್ಷ. ಹೆಸರು ಹಿಡಿದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಆದರೆ ದೂರದ ಬೀದಿಯಲ್ಲಿ ಐಸ್‌ಕ್ಯಾಂಡಿಯವನು ಗಂಟೆ ಅಲ್ಲಾಡಿಸಿದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿ ಕೂರುತ್ತಿದ್ದ. ಮಾತಿಲ್ಲ. ಎತ್ತಿಕೊಳ್ಳಲು ಹೋದರೆ ಮೈ ಬಿಲ್ಲಿನಂತೆ ಬಗ್ಗಿಸಿ ಜಾರಿಕೊಳ್ಳುತ್ತಿದ್ದ. ದರ್ಗಾಗಳಿಗೆ ಹೋಗಿ ಬಂದೆವು, ತಾಯಿತ ಕಟ್ಟಿಸಿದೆವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಿವಿ ಸರಿಯಾಗಿದೆ, ನಾಲಿಗೆ ಸರಿಯಾಗಿದೆ ಅಂದರು. ಹಾಗಾದರೆ ಸರಿಯಿಲ್ಲದ್ದು ಏನು ಎಂದು ಯಾರೂ ಹೇಳಲಿಲ್ಲ. ಮೊದಲು ಸೇರಿಸಿದ ಶಾಲೆಯವರು ವಾರ ಕಳೆಯುವ ಮೊದಲೇ ಕೈ ಮುಗಿದು ವಾಪಸ್ಸು ಕಳಿಸಿದ್ದರು.

ಈ ಶಾಲೆಯ ಹೆಡ್‌ಮಾಸ್ಟರೂ ಅದನ್ನೇ ಮಾಡುವುದರಲ್ಲಿದ್ದರು. "ಇಂಥ ಮಕ್ಕಳಿಗೆ ಬೇರೆ ಸ್ಕೂಲ್ ಇರ್ತದೆ ಸಾಬ್ರೇ, ಅಲ್ಲಿಗೆ ಸೇರ್ಸಿ" ಅಂದರು.

ಪಕ್ಕದಲ್ಲಿ ಹಾಜರಿ ತುಂಬುತ್ತಿದ್ದ ಟೀಚರಮ್ಮ ತಲೆ ಎತ್ತದೆಯೇ ಕೇಳಿದರು: "ಎಲ್ಲಿದೆ ಸಾರ್ ಅದು? ಅಡ್ರೆಸ್ ಕೊಡಿ, ನಾನೇ ಬಿಟ್ಟು ಬರ್ತೀನಿ."

ಹೆಡ್‌ಮಾಸ್ಟರ ಹತ್ತಿರ ಅಡ್ರೆಸ್ ಇರಲಿಲ್ಲ. ಹಾಗಾಗಿ ನನ್ನ ಮಗ ಒಂದನೇ ಕ್ಲಾಸಿಗೆ ಸೇರಿದ.

ಟೀಚರಮ್ಮ ಚಿಂತಾಮಣಿ ಕಡೆಯ ಒಂದು ಹಳ್ಳಿಯವರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಗಡಸು. ಕೋಪ ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದರು. "ಏಂದಿರಾ ಇದಿ?" ಅಂತ ಅವರು ಕೂಗಿದರೆ ಇಡೀ ಕ್ಲಾಸು ಕಲ್ಲಾಗುತ್ತಿತ್ತು. ಆದರೆ ರಫೀಕ್ ಹತ್ತಿರ ಮಾತ್ರ ಅವರ ದನಿ ಒಂದು ದಿನವೂ ಏರಿದ್ದಿಲ್ಲ. ಅವನ ಎದುರಿಗೆ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಅವನು ನೋಡುತ್ತಿದ್ದ ಕಡೆಗೇ ನೋಡುತ್ತ, ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು. ಶಾಲೆಯ ಗಂಟೆ ಹೊಡೆಯುವ ಮೊದಲು ಅವನ ಹತ್ತಿರ ಬಂದು, "ಈಗ ಸದ್ದು ಬರತ್ತಪ್ಪ" ಅನ್ನುತ್ತಿದ್ದರು. ಅವನು ಕಿವಿ ಮುಚ್ಚಿಕೊಂಡ ಮೇಲೆಯೇ ಗಂಟೆ. ಗೋಡೆಗೆ ಒಂದು ದಾರ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಚಿತ್ರ ಸಿಕ್ಕಿಸಿದ್ದರು: ಪ್ರಾರ್ಥನೆ, ಸ್ಲೇಟು, ಊಟ, ಆಟ, ಮನೆ. ಒಂದು ಮುಗಿದರೆ ರಫೀಕ್ ಎದ್ದು ಹೋಗಿ ಆ ಚಿತ್ರವನ್ನು ಹಿಂದುಮುಂದು ತಿರುಗಿಸಿ ಬರುತ್ತಿದ್ದ. ಮುಂದೆ ಏನಾಗುತ್ತದೆ ಎಂದು ಮೊದಲೇ ತಿಳಿದರೆ ಅವನು ಕಿರುಚುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯ ಹೆತ್ತವನಾದ ನನಗೆ ತಿಳಿಯದೆ, ಎಲ್ಲಿಂದಲೋ ಬಸ್ಸು ಹತ್ತಿ ಬಂದ ಹೆಂಗಸಿಗೆ ತಿಳಿಯಿತಲ್ಲ ಎಂದು ನನಗೆ ಒಳಗೇ ಕುದಿಯುತ್ತಿತ್ತು.

ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ನನ್ನ ಹೆಂಡತಿ ಶೆಡ್ಡಿಗೆ ಓಡಿಬಂದಳು. ಚರಕದ ಸದ್ದಿನ ಮೇಲೆ ಕೂಗಿದಳು: "ಅಜೀ, ರಫೀಕ್ ಮಾತಾಡಿದ!"

"ಏನಂದ?"

"ನೀರು ಅಂದ. ಟೀಚರಮ್ಮನ ಸೆರಗು ಎಳೆದು ನೀರು ಅಂದ!"

ನಮ್ಮ ಮನೆಮಾತು ಉರ್ದು. ನೀರಿಗೆ ನಾವು ಪಾನಿ ಅನ್ನುತ್ತೇವೆ. ನಾನು ವರ್ಷಗಟ್ಟಲೆ ಲೋಟ ಹಿಡಿದು ಅವನ ಮುಂದೆ ಕೂತು, "ಪಾನಿ ಬೋಲೋ ಬೇಟಾ, ಪಾನಿ" ಅಂತ ಗಂಟಲು ಹರಿದುಕೊಂಡವನು. ಮಗನ ಮೊದಲ ಮಾತು ಅವರ ಪಾಲಾಯಿತು, ಅದೂ ಅವರು ಕಲಿಸಿದ ಕನ್ನಡದಲ್ಲಿ. ಹೆಂಡತಿ ಬೀದಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಅಂಗೈಗೆ ಹಾಕಿದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ. ಸಿಹಿ ಅನ್ನಿಸಲಿಲ್ಲ.

ಅವನನ್ನು ನನ್ನ ಕಡೆಗೆ ತಿರುಗಿಸಿಕೊಳ್ಳಲೇಬೇಕು ಎಂದು ಹಟ ಹುಟ್ಟಿತು. ಮುಂದಿನ ಶುಕ್ರವಾರ ನಮಾಜು ಮುಗಿಸಿ ನೇರ ಶಾಲೆಗೆ ಹೋಗಿ, ನಾನೇ ಸೈಕಲ್ ಮೇಲೆ ಕೂರಿಸಿ ಕರೆತರೋಣ ಎಂದುಕೊಂಡೆ. ಬಿಳಿ ಪೈಜಾಮ, ಬಿಳಿ ಜುಬ್ಬಾ. ಒಳ್ಳೆಯ ಕಡೆ ಹೋಗುವಾಗ ಮೈ ಘಮ್ಮೆನ್ನಬೇಕು ಎನ್ನುವುದು ನಮ್ಮಲ್ಲಿ ರೂಢಿ. ಮಲ್ಲಿಗೆಯ ಅತ್ತರು ಮಣಿಕಟ್ಟಿಗೆ ಹಚ್ಚಿಕೊಂಡೆ, ಕತ್ತಿಗೆ ಹಚ್ಚಿಕೊಂಡೆ, ಕಿವಿಯಲ್ಲಿ ಹತ್ತಿ ಇಟ್ಟುಕೊಂಡೆ. ಮಗನಿಗೋಸ್ಕರ ಎಂದು ಇನ್ನಷ್ಟು ಹಚ್ಚಿಕೊಂಡೆ.

ಕ್ಲಾಸಿನ ಬಾಗಿಲಲ್ಲಿ ನಿಂತು ಕೈ ಚಾಚಿದೆ. ರಫೀಕ್ ಮುಖ ಕಿವುಚಿದ, ವಾಂತಿ ಬಂದವನ ಹಾಗೆ ಓಕರಿಸಿದ, ಚೀರಿದ. ಹಿಡಿದುಕೊಳ್ಳಲು ಹೋದ ನನ್ನ ಕೈ ಕಚ್ಚಿ, ಓಡಿಹೋಗಿ ಟೀಚರಮ್ಮನ ಸೀರೆಯ ಹಿಂದೆ ಅವಿತುಕೊಂಡ.

"ಮಿಸ್, ಅವ್ರಪ್ಪನ್ನ ಕಂಡ್ರೆ ಅವನಿಗೆ ಭಯ ಮಿಸ್!" ಅಂತ ಒಂದು ಹುಡುಗಿ ಕೂಗಿತು. ಕ್ಲಾಸೆಲ್ಲ ನಕ್ಕಿತು.

ನನಗೆ ಮೈಯೆಲ್ಲ ಬೆಂಕಿ. "ನನ್ನ ಮಗನ್ನ ನನ್ನಿಂದಾನೇ ಬೇರೆ ಮಾಡಿದ್ದೀರ ನೀವು. ನಾಳೆಯಿಂದ ಕಳಿಸಲ್ಲ" ಅಂದೆ.

"ಸಾಬ್ರೇ, ಮಗು ಮುಂದೆ ಜೋರು ಮಾಡ್ಬೇಡಿ" ಅಂದರು ಅವರು, ಅದೇ ಗೋಡೆಗೆ ಹೇಳುವ ದನಿಯಲ್ಲಿ. ನನ್ನ ಮಗನನ್ನು ಹೇಗೆ ನೋಡಿಕೊಳ್ಳಬೇಕು ಎಂದು ನನಗೇ ಪಾಠ! ಅವನನ್ನು ಎತ್ತಿಕೊಂಡು, ಒದೆಸಿಕೊಂಡು ಮನೆಗೆ ಬಂದೆ.

ಮಾರನೇ ದಿನದಿಂದ ಅವನು ಬೆಳಿಗ್ಗೆ ಎದ್ದು, ಚೀಲ ಹಾಕಿಕೊಂಡು, ಅಗುಳಿ ಹಾಕಿದ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಿದ್ದ. ಬಾಗಿಲು ತೆರೆಯದಿದ್ದಾಗ ಹಣೆಯನ್ನು ಮೆಲ್ಲಗೆ ಅದಕ್ಕೆ ಬಡಿಯುತ್ತಿದ್ದ. ಮೆಲ್ಲಗೆ ಬಡಿಯುವುದು ಜೋರಾಯಿತು. ಹಣೆ ಊದಿತು. ಕಷ್ಟಪಟ್ಟು ಬಂದಿದ್ದ ಆ ಒಂದು ಮಾತೂ ನಿಂತುಹೋಯಿತು.

"ನಿಮ್ಮ ಹೊಟ್ಟೆಕಿಚ್ಚಲ್ಲಿ ಮಗು ಬೇಯ್ತಿದೆ" ಅಂದಳು ಹೆಂಡತಿ. ನಾನು ಶೆಡ್ಡಿಗೆ ಹೋದೆ.

ಆ ವಾರವೇ ಒಂದು ಸಂಜೆ ಟೀಚರಮ್ಮ ತಮ್ಮ ಬಸ್ಸು ಬಿಟ್ಟು ಶೆಡ್ಡಿಗೆ ಬಂದರು. ಒಲೆ ಉರಿಯುತ್ತಿತ್ತು, ಕುದಿಯುವ ನೀರಲ್ಲಿ ರೇಷ್ಮೆ ಗೂಡುಗಳು ತೇಲುತ್ತಿದ್ದವು. ನೂಲು ಬಿಚ್ಚಿದ ಮೇಲೆ ಒಳಗಿನ ಬೆಂದ ಹುಳು ಉಳಿಯುತ್ತದಲ್ಲ, ಅದರ ನಾತ ಹೊಸಬರಿಗೆ ತಡೆಯುವಂಥದ್ದಲ್ಲ. ಟೀಚರಮ್ಮ ಸಂಕೋಚವಿಲ್ಲದೆ ಮೂಗಿಗೆ ಸೆರಗು ಹಿಡಿದರು. ನನ್ನ ಹೆಂಡತಿಯೂ ಅವರ ಹಿಂದೆ ಬಂದು ನಿಂತಳು.

"ಒಂದು ಮಾತು ಹೇಳ್ತೀನಿ ಸಾಬ್ರೇ, ಬೇಕಾದ್ರೆ ಬೈಕೊಳ್ಳಿ. ನಿಮ್ಮ ಮಗನಿಗೆ ನೀವು ಬೇಡ ಅಂತಲ್ಲ. ಈ ವಾಸನೆ ಬೇಡ."

"ಇದು ಅನ್ನದ ವಾಸನೆ ಟೀಚರಮ್ಮ. ಅವನು ತಿನ್ನೋದು ಇದರಿಂದಾನೇ."

"ಇಲ್ಲ ಅಂದ್ನಾ? ಈಗ ತಾನೇ ಬಂದೆ, ನನಗೇ ತಲೆ ತಿರುಗ್ತಾ ಇದೆ. ಅವನಿಗೆ ಎಲ್ಲಾನೂ ನಮಗಿಂತ ಜಾಸ್ತಿ. ಸದ್ದೂ ಜಾಸ್ತಿ, ಬೆಳಕೂ ಜಾಸ್ತಿ, ವಾಸನೇನೂ ಜಾಸ್ತಿ."

"ಆವತ್ತು ಸ್ನಾನ ಮಾಡಿ ಅತ್ತರು ಹಾಕ್ಕೊಂಡು ಬಂದಿದ್ನಲ್ಲ!"

"ಅದನ್ನೇ ನಾನೂ ಹೇಳ್ತಿರೋದು. ಹುಳದ ವಾಸನೆ ಮೇಲೆ ಮಲ್ಲಿಗೆ ತೋಟಾನೇ ಹೊತ್ಕೊಂಡು ಬಂದಿದ್ರಿ. ನೀವು ಹೋದ್ಮೇಲೆ ಅರ್ಧ ಕ್ಲಾಸು ಸೀನ್ತಿತ್ತು."

ಹೆಂಡತಿ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. "ನಿಮಗೆ ಇದೆಲ್ಲ ಹೆಂಗೆ ಗೊತ್ತು? ಯಾವ ಟ್ರೈನಿಂಗಲ್ಲಿ ಹೇಳ್ಕೊಟ್ರು?" ಅಂತ ಕುಟುಕಿದೆ.

"ಯಾರೂ ಹೇಳ್ಕೊಡಲಿಲ್ಲ. ನನಗೊಬ್ಬ ತಮ್ಮ ಇದ್ದ, ಹಿಂಗೇ. ಒಗ್ಗರಣೆ ಹಾಕಿದ್ರೆ ಕಿರುಚೋನು. ಕಿರುಚ್ತಾನೆ ಅಂತ ನಮ್ಮಪ್ಪ ಹೊಡೆಯೋರು, ಹಿತ್ತಲ ಕೋಣೆಗೆ ಹಾಕಿ ಚಿಲಕ ಹಾಕೋರು. ದೊಡ್ಡೋನಾಗೋ ಮುಂಚೇನೇ ಹೋಗ್ಬಿಟ್ಟ. ಯಾಕೆ ಕಿರುಚ್ತಾನೆ ಅಂತ ನೋಡಿದವರಿಲ್ಲ." ಸೆರಗನ್ನು ಮೂಗಿನಿಂದ ತೆಗೆದು, "ಬಾಗಿಲಿಗೆ ಚಿಲಕ ಹಾಕ್ಬೇಡಿ ಸಾಬ್ರೇ. ನಾಳೆ ಕಳಿಸಿ" ಅಂದರು.

ಕಳಿಸಿದೆ. ಅವರ ಮಾತಿಗೆ ಕರಗಿ ಎಂದು ಯಾರಾದರೂ ತಿಳಿದರೆ ತಿಳಿಯಲಿ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ: ಅವರ ಹತ್ತಿರ ಬಂದವನು ನನ್ನ ಹತ್ತಿರ ಹೇಗೆ ಬರುವುದಿಲ್ಲ, ನೋಡಿಯೇ ಬಿಡುತ್ತೇನೆ. ಆಮೇಲೆ ಟೀಚರಮ್ಮ ಹೇಳಿಕೊಟ್ಟ ಹಾಗೆ ಶೆಡ್ಡಿನ ಬಟ್ಟೆ ಶೆಡ್ಡಿನಲ್ಲೇ ಬಿಚ್ಚಿಟ್ಟೆ. ಸೋಪು ಬಿಟ್ಟು ಕಡಲೆಹಿಟ್ಟಿನಲ್ಲಿ ಕೈ, ಕತ್ತು, ತೋಳು ಉಜ್ಜಿಕೊಂಡೆ. ಅತ್ತರು ಶುಕ್ರವಾರವೂ ಇಲ್ಲ. ಅವನು ಕೂರುವ ಜಗಲಿಯ ಇನ್ನೊಂದು ತುದಿಯಲ್ಲಿ, ಬೀದಿಯ ಕಡೆ ಮುಖ ಮಾಡಿ ಸುಮ್ಮನೆ ಕೂರುತ್ತಿದ್ದೆ. ಕರೆಯುವಂತಿಲ್ಲ, ಮುಟ್ಟುವಂತಿಲ್ಲ. ದುಡಿದು ಬಂದ ಗಂಡಸು ಹೀಗೆ ಗೊಂಬೆ ಹಾಗೆ ಕೂರುವುದು ನೋಡಿ ಅಕ್ಕಪಕ್ಕದವರು ನಕ್ಕರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಜಗಲಿಯ ಮಧ್ಯಕ್ಕೆ ಬಂದಿದ್ದ. ಒಂದು ಸಂಜೆ ಪಕ್ಕದಲ್ಲೇ ಕೂತ. ನನ್ನ ಮುಖ ನೋಡಲಿಲ್ಲ. ಎಡಗಾಲನ್ನು ನಿಧಾನ ಎತ್ತಿ ನನ್ನ ಪಾದದ ಮೇಲೆ ಇಟ್ಟ. ಅಲ್ಲೇ ಬಿಟ್ಟ. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಒಳಗಿಂದ ಹೆಂಡತಿ ಊಟಕ್ಕೆ ಕರೆದರೂ ಏಳಲಿಲ್ಲ.

ಅದನ್ನು ಟೀಚರಮ್ಮನಿಗೆ ಹೇಳಬಾರದು ಎಂದುಕೊಂಡೆ. ಅದಾದರೂ ನನ್ನದೇ ಆಗಿರಲಿ ಎಂದು. ಆದರೆ ಹೆಂಗಸರ ನಡುವೆ ಯಾವ ಗುಟ್ಟು ನಿಲ್ಲುತ್ತದೆ? ಸಂತೆಯಲ್ಲಿ ಸಿಕ್ಕಾಗ ಅವರು ತರಕಾರಿ ಆರಿಸುತ್ತಲೇ, "ಕಾಲಿಟ್ಟನಂತೆ?" ಅಂದರು. ಹೂಂ ಅಂದೆ. "ನನ್ನ ಮೇಲೆ ಒಂದಿನಾನೂ ಕಾಲಿಟ್ಟಿಲ್ಲಪ್ಪ ಅವನು" ಅಂದರು. ಅವರ ದನಿಯಲ್ಲಿ ಒಂದು ಚೂರು ಅಸೂಯೆ ಇತ್ತು ಎಂದು ಇಂದಿಗೂ ನಂಬಿದ್ದೇನೆ. ಆ ರಾತ್ರಿ ಚೆನ್ನಾಗಿ ಉಂಡೆ.

ತೊಂಬತ್ತರ ನಂತರ ಅವರು ಬೆಂಗಳೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದರು. "ಸಾಬ್ರೇ, ಇದಕ್ಕೊಂದು ಹೆಸರಿದೆಯಂತೆ. ಆಟಿಸಂ" ಅಂದರು.

"ಔಷಧಿ?"

"ಇಲ್ಲ. ಕಾಯಿಲೆ ಆದ್ರೆ ತಾನೇ ಔಷಧಿ? ಹುಟ್ಟೋದೇ ಹಂಗಂತೆ. ನಾವು ಕಲೀಬೇಕು, ಅಷ್ಟೇ."

ಅಲ್ಲಿಂದ ಅವರು ಬೇರೆ ಟೀಚರುಗಳಿಗೆ ಹೇಳಿಕೊಡಲು ಹೊರಟರು. ಚಿಕ್ಕಬಳ್ಳಾಪುರದಲ್ಲಿ ಒಂದು ಶಿಬಿರಕ್ಕೆ ನನ್ನನ್ನೂ ಕರೆದರು. ಹಿಂದಿನ ಬೆಂಚಿನಲ್ಲಿ ಕೂತೆ. ಟೀಚರಮ್ಮ ಒಬ್ಬ ಮೇಷ್ಟ್ರನ್ನು ಮುಂದೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಒಬ್ಬರ ಕೈಗೆ ಗಂಟೆ ಕೊಟ್ಟು ಆ ಮೇಷ್ಟ್ರ ಕಿವಿಯ ಹತ್ತಿರ ಬಾರಿಸಲು ಹೇಳಿದರು, ಇನ್ನೊಬ್ಬರಿಂದ ಮೂಗಿನ ಕೆಳಗೆ ಒಂದು ಕಟ್ಟು ಊದುಬತ್ತಿ ಹಿಡಿಸಿದರು, ಮತ್ತೊಬ್ಬರಿಂದ ಕುತ್ತಿಗೆಗೆ ಗೋಣಿಚೀಲ ಉಜ್ಜಿಸಿದರು. "ಈಗ ಹದಿನೇಳರ ಮಗ್ಗಿ ಹೇಳಿ ಸಾರ್."

"ಹದಿನೇಳೊಂದ್ಲ ಹದಿನೇಳು... ಹದಿನೇಳೆರಡ್ಲ... ಅಯ್ಯೋ, ತೆಗೀರಿ ಮೇಡಂ!" ಅಂತ ಅವರು ಕುರ್ಚಿ ಬಿಟ್ಟು ಎದ್ದರು.

"ನೀವು ಎದ್ದು ಬಂದ್ರಿ. ಮಗು ಎದ್ದು ಓಡಿದ್ರೆ ಮಾತ್ರ ದಡ್ಡ, ಹಟಮಾರಿ ಅಂತೀವಿ."

ಇನ್ನೊಬ್ಬ ಮೇಷ್ಟ್ರು, "ಕ್ಲಾಸಲ್ಲಿ ಅಷ್ಟೊಂದು ಮಕ್ಕಳಿರ್ತವೆ ಮೇಡಂ, ಒಬ್ಬನಿಗೋಸ್ಕರ ಎಷ್ಟು ಅಂತ ಮಾಡೋದು?" ಅಂತ ತಕರಾರು ತೆಗೆದರು. ಟೀಚರಮ್ಮ, "ಗಂಟೆ ಹೊಡಿಯೋ ಮುಂಚೆ ಒಂದು ಮಾತು ಹೇಳಿ, ಸಾಕು. ಅಲ್ಲಿಂದ ಶುರು ಮಾಡಿ. ನಮ್ಮ ಹುಡುಗನ ಹತ್ರ ನಾನೂ ಅಲ್ಲಿಂದಾನೇ ಶುರು ಮಾಡಿದ್ದು" ಅಂದರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ನಮ್ಮ ಹುಡುಗ ಅಲ್ಲ ಟೀಚರಮ್ಮ, ನನ್ನ ಹುಡುಗ."

"ಆಯ್ತು ಸಾಬ್ರೇ, ನಿಮ್ಮ ಹುಡುಗಾನೇ. ನಾನು ಬಾಡಿಗೆಗೆ ಇಟ್ಕೊಂಡಿದ್ದೆ" ಅಂದರು. ಎಲ್ಲರೂ ನಕ್ಕರು. ಅವತ್ತು ನಾನೂ ನಕ್ಕೆ.

ರಫೀಕ್ ಏಳನೇ ಕ್ಲಾಸು ಮುಗಿಸುವ ವರ್ಷ ಅವರಿಗೆ ಮಂಚೇನಹಳ್ಳಿ ಕಡೆಗೆ ವರ್ಗವಾಯಿತು. ದಾರದ ಮೇಲೆ ಬಸ್ಸಿನ ಚಿತ್ರವೊಂದನ್ನು ಮೊದಲೇ ಸಿಕ್ಕಿಸಿ, ತಾವು ಹೋಗುವುದನ್ನು ಅವನಿಗೆ ದಿನವೂ ಹೇಳಿದರು. ಹೊಸ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ರೀತಿಯನ್ನೆಲ್ಲ ಕಲಿಸಿಕೊಟ್ಟು ಹೋದರು. ಇನ್ನು ಮಗ ಪೂರ್ತಿ ನನ್ನವನು ಎಂದು ಒಳಗೊಳಗೇ ಹಿಗ್ಗಿದೆ. ಅವನು ಮಾತ್ರ ಸಂಜೆಯಾದರೆ ಚಿಂತಾಮಣಿ ಬಸ್ಸು ನಿಲ್ಲುವ ಕಡೆ ಹೋಗಿ ನಿಲ್ಲುತ್ತಿದ್ದ. ಬಸ್ಸು ಹೋದ ಮೇಲೆ ಬರುತ್ತಿದ್ದ. ನಾನೂ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಬೇರೆ ದಾರಿ ಇರಲಿಲ್ಲ.

ತೊಂಬತ್ತೆಂಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹೊಟ್ಟೆಯಲ್ಲಿ ಏನೋ ಗಂಟಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಗುಂಪು, ಅಳುವ ಸದ್ದು ರಫೀಕ್‌ಗೆ ಆಗುವುದಿಲ್ಲ. ನಾನೊಬ್ಬನೇ ಮಂಚೇನಹಳ್ಳಿಗೆ ಹೋದೆ. ಅಲ್ಲಿ ಅವರಿದ್ದ ಮನೆಯ ಮುಂದೆ ಒಬ್ಬ ರೈತ ಕೂತಿದ್ದ. ತಲೆಗೆ ಸುತ್ತಿದ ಟವೆಲ್ಲಿನಲ್ಲಿ ಕಣ್ಣೊರಸಿಕೊಳ್ಳುತ್ತಿದ್ದ.

"ನೀವು ಯಾರು ಸಾಬ್ರೇ?" ಅಂದ.

"ನನ್ನ ಮಗ ಇವರ ಹತ್ರ ಓದಿದ್ದು."

"ನಮ್ಮ ಹುಡುಗೀನೂ ಇವರ ಹತ್ರಾನೇ ಓದ್ತಿದ್ದದ್ದು. ಮಾತಿಲ್ಲ ಅದಕ್ಕೆ. ಟೀಚರಮ್ಮನ ಬಿಟ್ರೆ ಯಾರ ಹತ್ರಾನೂ ಹೋಗ್ತಿರಲಿಲ್ಲ. ನಮ್ಮ ಹುಡುಗಿ ಅಂದ್ರೆ ಅವರಿಗೆ ಪ್ರಾಣ. 'ನಿನ್ನಂಥ ಮಗು ನಾನು ಎಲ್ಲೂ ನೋಡಿಲ್ಲ ಕಣಮ್ಮ' ಅನ್ನೋರು."

ನನ್ನ ಎದೆಗೆ ಯಾರೋ ಕೆಂಡ ಇಟ್ಟ ಹಾಗಾಯಿತು. ಎಲ್ಲೂ ನೋಡಿಲ್ಲ ಅಂದರೇನು? ರಫೀಕ್ ಏನಾದ ಹಾಗಾದರೆ? ಬಸ್ಸಿನ ಹತ್ತಿರ ಅಷ್ಟು ದಿನ ನಿಂತದ್ದು ಯಾರಿಗೋಸ್ಕರ? ಇಷ್ಟು ವರ್ಷ ಮಗ ಅವರ ಪಾಲಾದ ಎಂದು ಉರಿದುಕೊಂಡವನು, ಅವರು ಬೇರೆ ಮಗುವಿನ ಪಾಲಾದರು ಎಂದು ಅವರ ಹೆಣದ ಮುಂದೆ ನಿಂತು ಉರಿದುಕೊಂಡೆ. "ಮೊದಲು ನನ್ನ ಮಗ" ಅಂದೆ ಆ ರೈತನಿಗೆ. "ಎಲ್ಲರಿಗಿಂತ ಮೊದಲು ನನ್ನ ಮಗ ಇದ್ದ. ಅವನಿಂದಾನೇ ಇವರು ಇದೆಲ್ಲ ಕಲಿತದ್ದು." ಆತ ನನ್ನ ಮುಖವನ್ನೇ ನೋಡಿ, "ಹೌದಾ? ಹಂಗಾದ್ರೆ ಒಂದಿನ ಬಂದು ನಮಗೂ ಹೇಳ್ಕೊಡಿ ಸಾಬ್ರೇ. ಇನ್ಯಾರಿದ್ದಾರೆ ನಮಗೆ?" ಅಂದ.

ಹೋದೆ. ಒಂದಿನವಲ್ಲ, ಬಹಳ ಸಲ ಹೋದೆ. ಆ ಹುಡುಗಿಗೆ ಯಾವ ಸದ್ದು ಆಗದು, ಯಾವ ಬಟ್ಟೆ ಚುಚ್ಚುತ್ತದೆ ಎಂದು ಆತನ ಜೊತೆ ಕೂತು ನೋಡಿದೆ. ಟೀಚರಮ್ಮ ನನಗೆ ಹೇಳಿದ್ದನ್ನೇ ಹೇಳಿದೆ. ಹೇಳುವಾಗ ಪ್ರತಿ ಸಲವೂ, ಇದು ಅವರದಲ್ಲ, ನನ್ನ ಮಗನಿಂದ ಬಂದದ್ದು ಎಂದು ಸೇರಿಸುವುದನ್ನು ಮರೆಯಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಸ್ವಂತದ ಒಂದು ಶೆಡ್ಡು, ಅದರಲ್ಲಿ ನೂಲು ಬಿಚ್ಚುವ ಆರು ಬೇಸಿನ್ನು, ಎರಡು ಕೋಣೆಯ ಮನೆ, ಒಬ್ಬ ಹೆಂಡತಿ, ಮಂಚೇನಹಳ್ಳಿಯಲ್ಲಿ ಒಬ್ಬ ಸ್ನೇಹಿತ, ಮತ್ತು ಶೆಡ್ಡಿನಿಂದ ದೂರ ಮನೆಯ ಕೋಣೆಯಲ್ಲಿ ಕೂತು ನೂಲಿನ ಲಡಿ ಕಟ್ಟುವ, ನಾನು ಬಂದರೆ ಸರಿದು ಜಾಗ ಕೊಡುವ ಒಬ್ಬ ಮಗ.