ಅವ್ವನ ಕೈಯಲ್ಲಿ ನಿಂತ ನೀರು

ಚಿಕ್ಕಂದಿನಲ್ಲಿ ಅಂಗಾಲಿಗೆ ಜಾಲಿಮುಳ್ಳು ನೆಟ್ಟರೆ ಒಂದೆರಡು ದಿನಕ್ಕೆ ನನಗೆ ತೊಡೆಸಂದಿನಲ್ಲಿ ಗಂಟು ಏಳುತ್ತಿತ್ತು. ಮುಳ್ಳು ಅಲ್ಲಿ, ನೋವು ಇಲ್ಲಿ. ಸುದ್ದಿ ಮುಟ್ಟಿಸಿದವರು ಯಾರು ಎಂದು ಕೇಳಿದರೆ ಅವ್ವ, "ಮೊದಲ ಚಪ್ಪಲಿ ಹಾಕ್ಕೋ, ಆಮ್ಯಾಲ ಕೇಳೀಯಂತ" ಎನ್ನುತ್ತಿದ್ದಳು. ಉತ್ತರ ಸಿಕ್ಕಿದ್ದು ಈಗ, ನನ್ನ ತಲೆ ಅರ್ಧ ನರೆತ ಮೇಲೆ.

ಎದೆಯ ಕ್ಯಾನ್ಸರಿಗೆ ಬೆಳಗಾವಿಯಲ್ಲಿ ಆಪರೇಷನ್ ಆದಾಗ ಅವ್ವನ ಬಲ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಬೈಲಹೊಂಗಲದ ಮನೆಗೆ ಬಂದ ಕೆಲವು ತಿಂಗಳಲ್ಲಿ ಆ ಕೈ ಬಾತು ಭಾರವಾಯಿತು. ಕೈಗೆ ಆರಾಮ ಬೇಕೆಂದು ನಾವೆಲ್ಲ ಸೇರಿ ಅವಳಿಗೆ ರೊಟ್ಟಿ ಬಡಿಯುವುದನ್ನು ಬಿಡಿಸಿದೆವು. ಅಂಗಡಿಯ ಖಡಕ್ ರೊಟ್ಟಿ ಬಂತು. ಅವ್ವ ಪಡಸಾಲೆಯಲ್ಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಾವು ಮಾತ್ರ ಹೆಚ್ಚುತ್ತಲೇ ಹೋಯಿತು.

ಮತ್ತೆ ಬೆಳಗಾವಿಗೆ ಹೋದೆವು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಅವ್ವನ ಕೈ ನೋಡುತ್ತ ಹೇಳಿದಳು: "ರಕ್ತನಾಳದಿಂದ ಒಂದೀಟು ನೀರು ಹೊರಗ ಜಿನುಗತೈತ್ರಿ. ಎಲ್ಲಾ ವಾಪಸ್ ಹೋಗಂಗಿಲ್ಲ. ಉಳಿದಿದ್ದನ್ನ ದುಗ್ಧನಾಳ ಅಂತ ಬ್ಯಾರೆ ಸಣ್ಣ ನಾಳ ಎಳಕೊಂಡು ಕೊರಳ ಬುಡದಾಗ ಮತ್ತ ರಕ್ತಕ್ಕ ಕೂಡಸ್ತಾವ. ದಾರ್ಯಾಗ ಕಂಕುಳ, ತೊಡಿಸಂದ್ಯಾಗ ಇರೂ ಗಂಟು ಅದನ್ನ ಸೋಸಿ, ರೋಗದ ಹುಳ ಹಿಡೀತಾವ್ರಿ."

ನನ್ನ ಮುಳ್ಳಿನ ಸುದ್ದಿ ಹೋದ ದಾರಿ ಇದೇ! ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. "ಮತ್ತ ಆ ನೀರು ನೂಕೋರ್ಯಾರ್ರಿ? ಹೃದಯಾನ?"

"ಅದಕ್ಕ ಅಂಥಾ ಪಂಪ್ ಇಲ್ರಿ. ನಾಳ ತಾವ ಸ್ವಲ್ಪ ಹಿಂಡತಾವ. ನಾವು ಕೈಕಾಲು ಆಡಿಸಿದಾಗ, ಉಸಿರು ಎಳದಾಗ ಇನ್ನಷ್ಟು ಮುಂದ ಹೋಗತೈತಿ. ಒಳಗ ಕವಾಟ ಅದಾವ, ಹಿಂದ ಬರಗೊಡಂಗಿಲ್ಲ."

ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದ ಅವ್ವ ತಟ್ಟನೆ ತಿರುಗಿದಳು. "ಹಂಗಾರ ಕೈ ಆಡಿಸಬೇಕೇನ್ರಿ?"

"ಆಡಿಸಬೇಕ್ರಿ ಅವ್ವಾರ. ಗಂಟು ತಗದಾರ, ದಾರಿ ಇಕ್ಕಟ್ಟಾಗೇತಿ. ಸುಮ್ಮ ಇಟ್ರ ನೀರು ಇನ್ನೂ ನಿಲ್ಲತೈತಿ."

"ರೊಟ್ಟಿ ಬಡೀಲೇನ್ರಿ?"

"ಬಡೀರಿ. ಬಾವು ಒತ್ತಿ ಹಿಡಿಯೂ ಈ ಬಿಗಿ ಬಟ್ಟಿ ತೋಳು ಹಾಕ್ಕೊಂಡು, ದಣಿಯೂಕಿಂತ ಮೊದಲ ಬಿಡ್ರಿ. ಒಲಿ ಮುಂದ ಮಾತ್ರ ಬ್ಯಾರೆಯವರು ಇರಲಿ. ಆ ಕೈ ಸುಡಬಾರದ್ರಿ."

ಅವ್ವನ ಕಣ್ಣು ತುಂಬಿ ಬಂತು. ನನ್ನ ಕಡೆ ನೋಡಿ, "ಕ್ಯಾನ್ಸರ್ ಅಂದಾಗ ನಾ ಅಳಲಿಲ್ಲ. ನೀವು ನನ್ನ ಕೈಯಾಗಿನ ಹಿಟ್ಟು ಕಸಗೊಂಡ್ರಲ್ಲಾ, ಅವತ್ತ ಅತ್ತಿದ್ದೆ" ಎಂದಳು.

ಮರುದಿನ ಅವ್ವ ಬಡಿದಳು, ನಾನು ಹಂಚಿನ ಮುಂದೆ ಕೂತೆ. ಅವಳ ತೋಳನ್ನೇ ನೋಡುತ್ತ, ಒಳಗೆ ನೀರು ಎಲ್ಲಿಗೆ ಮುಟ್ಟಿರಬಹುದೆಂದು ಯೋಚಿಸುತ್ತ ಒಂದು ರೊಟ್ಟಿಯನ್ನು ಕರಿ ಮಾಡಿದೆ. ಅವ್ವ ಅದನ್ನು ನನ್ನ ತಾಟಿಗೇ ಹಾಕಿದಳು.