ಎಡಗಡೆ ಬಿದ್ದ ಸೇವಂತಿಗೆ

ತಾಯಿ ಚೌಡಮ್ಮನಿಗೆ ನಡೆದುಕೊಳ್ಳುವ ಅಕ್ಕತಂಗಿಯರೇ, ಮಗಳನ್ನು ಪರದೇಶಕ್ಕೆ ಕಳಿಸಬೇಕೋ ಬೇಡವೋ ಎಂದು ತೊಂಬತ್ತರ ದಶಕದಲ್ಲಿ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ ನಮ್ಮದು. ಸೀರೆ ವ್ಯಾಪಾರಿ ಸುಮ್ಮನೆ ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುವವಳು ನಾನು.

ಮಗಳು ಸುಧಾ ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಜರ್ಮನ್ ಓದುತ್ತಿದ್ದಳು. ಒಂದು ಸಂಜೆ ಬಂದವಳೇ, "ಅಮ್ಮಾ, ಭಾಷೆ, ಸಾಹಿತ್ಯ, ಚರಿತ್ರೆ ಎಲ್ಲಾ ಪಾಸಾದ್ರೂ ಸಾಲ್ದಂತೆ. ಆರು ತಿಂಗಳು ಜರ್ಮನ್ ದೇಶಕ್ಕೇ ಹೋಗಿ ಓದಿ ಬಂದ್ರೇನೇ ಡಿಗ್ರಿ. ಖರ್ಚೆಲ್ಲಾ ಆ ದೇಶದವರ್ದೇ" ಎಂದಳು.

"ಪುಕ್ಕಟೆ ಯಾರ್ ಕರೀತಾರೆ? ಮೊನ್ನೆತನಕ ಎರಡಾಗಿದ್ದ ದೇಶ ಅದು! ಯಾರಿದ್ದಾನೆ ಅಲ್ಲಿ, ನಿಜ ಹೇಳು!"

ಅತ್ತಳು. ನಾನು ಬಿಡದೆ ಕಾಲೇಜಿಗೇ ಹೋಗಿ ಅವಳಿಗೆ ಕಲಿಸುವ ಮೇಡಂ ಅವರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಅನ್ನಿಸಿತು. ಕಳಿಸಿದರೆ ಮಗಳು ಕೈತಪ್ಪುತ್ತಾಳೆ, ಕಳಿಸದಿದ್ದರೆ ಓದು ಮಣ್ಣುಪಾಲು. ಅನ್ನ ಸೇರದೆ ಹೋಯಿತು.

ಕೊನೆಗೆ ಅಮ್ಮನವರ ಹತ್ತಿರ ಹೂ ಕೇಳೋಣ ಎಂದೆ. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಮದುವೆಗೂ ಹೊಸ ಮಗ್ಗಕ್ಕೂ ನಾವು ಹೀಗೆಯೇ ಕೇಳುವುದು. ಶುಕ್ರವಾರ ಗುಡಿಗೆ ಹೋದರೆ ಪೂಜಾರಪ್ಪ ಸುಧಾಳನ್ನು ನೋಡಿ, "ಹೆದರ್ಕೋಬ್ಯಾಡ ಮಗಾ, ಒಳ್ಳೇದಾಯ್ತದೆ" ಅಂದುಬಿಟ್ಟರು. ಓಹೋ, ಇವರನ್ನೂ ಒಳಗೆ ಹಾಕಿಕೊಂಡಿದ್ದಾಳೆ! ಬಲಗಡೆ ಹೂವನ್ನು ಸಡಿಲವಾಗಿ ಇಟ್ಟರೆ ಮುಗಿಯಿತಲ್ಲ? ಕಣ್ಣು ಮುಚ್ಚಿ ಮನಸ್ಸಿನಲ್ಲೇ, "ತಾಯೀ, ಕಳಿಸು ಅನ್ನೋದಾದ್ರೆ ಎಡಗಡೆ ಕೊಡು, ಬೇಡ ಅನ್ನೋದಾದ್ರೆ ಬಲಗಡೆ. ಇದು ನಿನಗೂ ನನಗೂ ಮಾತ್ರ" ಎಂದು ಬೇಡಿಕೊಂಡೆ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಡಗಡೆಯ ಸೇವಂತಿಗೆ ಜಾರಿ ಬಿತ್ತು.

ಪೂಜಾರಪ್ಪನ ಮುಖ ಸಣ್ಣದಾಯಿತು. "ಬ್ಯಾಡ ಅಂತಾವ್ಳೆ ಕಣಮ್ಮ."

ಸುಧಾ ಕಣ್ಣೊರೆಸಿಕೊಂಡು, "ಆಯ್ತಮ್ಮ, ಹೋಗಲ್ಲ. ನಡಿ ಮನೆಗೆ" ಎಂದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ಆದರೆ ಅಮ್ಮನವರ ಮುಖ ನೋಡಿದೆ, ಅವಳಿಗೆ ಕೊಟ್ಟ ಮಾತು ತಪ್ಪಲಾಗಲಿಲ್ಲ. "ಇಲ್ಲ ಪೂಜಾರಪ್ಪ, ಹೋಗು ಅಂತಾವ್ಳೆ! ಎಡಗಡೆ ಕೊಡು ಅಂತ ನಾನೇ ಕೇಳಿದ್ದು!" ಎಂದು ಕೂಗಿ ಅಲ್ಲೇ ಕುಸಿದು ಅತ್ತುಬಿಟ್ಟೆ.

ಸುಧಾ ಹೋದಳು. ಅವಳು ಬರುವ ತನಕ ಪ್ರತಿ ಶುಕ್ರವಾರ ಗುಡಿಗೆ ಹೋಗಿ, "ಕಳಿಸು ಅಂದವಳು ನೀನು, ಕರ್ಕೊಂಡು ಬರೋದೂ ನಿಂದೇ" ಎಂದು ಹೇಳಿ ಬರುತ್ತಿದ್ದೆ. ಕರೆತಂದಳು. ಡಿಗ್ರಿಯೂ ಬಂತು, ಈಗ ಸುಧಾ ಬೆಂಗಳೂರಿನಲ್ಲಿ ಜರ್ಮನ್ ಕಲಿಸುತ್ತಾಳೆ. ಆ ತಾಯಿಯ ಪಾದಕ್ಕೆ ಸಾವಿರ ಶರಣು. ಅವಳೊಬ್ಬಳ ಮೇಲೆ ನನಗೆ ಅನುಮಾನವಿಲ್ಲ.