ಮಾವನ ಕುರ್ಚಿ ಇದ್ದ ಜಾಗ

ಚಳಿ ಶುರುವಾಗಿ ಮನೆ ಬೆಚ್ಚಗಿಡುವ ಫರ್ನೇಸು ಮೊದಲ ಸಲ ಹೊತ್ತಿಕೊಂಡಾಗ ನೆಲದ ಗಾಳಿಕಿಂಡಿಗಳಿಂದ ಸುಟ್ಟ ಧೂಳಿನ ವಾಸನೆ ಏಳುತ್ತದಲ್ಲ, ಅದು ನನ್ನನ್ನು ಹೊರದೇಶದಲ್ಲಿ ನಾನು ಬೆಳೆದ ಊರಾದ ಪಿಕರಿಂಗ್‌ನ ಮನೆಗೆ ಎಳೆದೊಯ್ಯುತ್ತದೆ. ಈಗ ನಿಮ್ಮದಲ್ಲದ ಅಂಥದೊಂದು ಮನೆ ನಿಮಗೂ ಇದ್ದೀತು. ಅಪ್ಪ, ಅಮ್ಮ, ನಾನು, ಅಪ್ಪನ ಅಕ್ಕ ಸರೋಜತ್ತೆ, ಅವರ ಗಂಡ ಅಲ್ಲಿ ಒಟ್ಟಿಗಿದ್ದೆವು. ಮಾವ ಸಂಜೆಯೆಲ್ಲ ಕಿಟಕಿಯ ಬಳಿ ತೂಗುಕುರ್ಚಿಯಲ್ಲಿ ಕೂತು, ಕಾಲ್ಬೆರಳಿನಿಂದ ನೆಲ ಒತ್ತುತ್ತ ತೂಗಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಚಳಿಗಾಲದಲ್ಲಿ ಕುರ್ಚಿ ತಾನಾಗಿಯೇ ತೂಗತೊಡಗಿತು. ಬಿಸಿಗಾಳಿಗೆ ಹಾಗಾಗುತ್ತದೆ ಎಂದು ಅಪ್ಪ ಪಕ್ಕದ ಕಿಂಡಿ ಮುಚ್ಚಿದರು. ಆದರೂ ಸಂಜೆಯಾದರೆ ಕಿರ್, ಕಿರ್. ನಾನು ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟೆ.

ಅತ್ತೆ ಡಾಕ್ಟರಾಗಿದ್ದವರು. ಮಾವ ಹೋದ ಮೇಲೆ ಬೌದ್ಧ ವಿಹಾರವೊಂದಕ್ಕೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕೈಹಿಡಿದು ಕರೆತಂದು, ಕುರ್ಚಿಯ ಮುಂದೆ ಕೂರಿಸಿ, ಸ್ಕ್ರೂಡ್ರೈವರಿನಿಂದ ಅದನ್ನು ಬಿಚ್ಚತೊಡಗಿದರು. ಕುರ್ಚಿಯ ಒಂದು ಕೈ ಕಳಚಿತು.

"ಇದು ಕುರ್ಚಿನಾ, ಪುಟ್ಟಿ?"

"ನೋ."

ಬೆನ್ನಿನ ಹಲಗೆ, ಬಾಗಿದ ಕಾಲು, ಎಲ್ಲಕ್ಕೂ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಕಾರ್ಪೆಟ್ಟಿನ ಮೇಲೆ ಬರೀ ಮರದ ತುಂಡುಗಳು.

"ವೇರ್ ಡಿಡ್ ಇಟ್ ಗೋ, ಅತ್ತೆ?"

"ಹೋಗೋಕೆ ಕುರ್ಚಿ ಅಂತ ಬೇರೆ ಏನಿತ್ತು? ಮರ, ಸ್ಕ್ರೂ, ನಾವಿಟ್ಟ ಹೆಸರು, ಕೂರೋಕೊಬ್ರು. ಎಲ್ಲಾ ಸೇರಿ ಕುರ್ಚಿ ಆಗಿತ್ತು. ಶೂನ್ಯ ಅಂದ್ರೆ ಏನೂ ಇಲ್ಲ ಅಂತಲ್ಲ ಕಣೇ. ತಾನೊಂದೇ ನಿಂತಿರೋದು ಯಾವ್ದೂ ಇಲ್ಲ ಅಂತ."

"ದೆನ್ ಮಾವ?"

ಅತ್ತೆ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಆಗಲೇ, ನಮ್ಮಿಬ್ಬರ ನಡುವಿನ ಬರಿಗಾಳಿಯಲ್ಲಿ, ಕಿರ್ ಎಂದಿತು.

"ನಿಂಗೂ ಕೇಳಿಸ್ತಾ?" ಎಂದರು ಮೆಲ್ಲಗೆ. ತಲೆಯಾಡಿಸಿದೆ. ನನ್ನನ್ನು ತೊಡೆಯ ಮೇಲೆ ಎಳೆದುಕೊಂಡರು. ಅವರು ಅಳುತ್ತಿರುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. "ಹೆದರ್ಕೋಬೇಡ. ಕೇಳೋರು ನಾವಿದೀವಲ್ಲ, ಅದಕ್ಕೇ ಕೇಳಿಸ್ತಿದೆ."

ತುಂಡುಗಳು ಬೇಸ್‌ಮೆಂಟಿಗೆ ಹೋದವು. ಸದ್ದು ಮತ್ತೆ ಬರಲಿಲ್ಲ. ಆದರೆ ಕಿಟಕಿಯ ಬಳಿ ಯಾರೂ ಬೇರೇನನ್ನೂ ಇಡಲಿಲ್ಲ. ಅಲ್ಲಿ ಏನೋ ಇರುವಂತೆ ಎಲ್ಲರೂ ಬಳಸಿಕೊಂಡು ನಡೆಯುತ್ತಿದ್ದೆವು. ವರ್ಷಗಳು ಕಳೆದು ಅಮ್ಮ ಹೋದರು, ಅತ್ತೆಯೂ ಹೋದರು. ಕಾರ್ಪೆಟ್ಟು ಕಿತ್ತು ಹೊಸ ನೆಲ ಹಾಸಿ ಅಪ್ಪ ಮನೆ ಮಾರಿದರು. ಬೀಗದ ಕೈ ಕೊಡುವ ದಿನ ಕೊಂಡವರ ಪುಟ್ಟ ಮಗಳು ಖಾಲಿ ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಯತ್ತ ಓಡಿದಳು. ಆ ಜಾಗ ಬರುತ್ತಲೇ ವೇಗ ತಗ್ಗಿಸಿ, ಒಂದು ಸುತ್ತು ಬಳಸಿ, ಮತ್ತೆ ಓಡಿದಳು. ಅವಳ ತಾಯಿ ಗೋಡೆಯ ಬಣ್ಣದ ಬಗ್ಗೆ ಏನೋ ಕೇಳುತ್ತಿದ್ದರು. ಅಪ್ಪನಿಗೆ ಅದು ಕೇಳಿಸಲಿಲ್ಲ. ಆ ಮಗುವನ್ನೇ ನೋಡುತ್ತ ನಿಂತಿದ್ದರು.